ಎರಕದ ಸೀಸದ ಗುಂಡು: ಕೈಗೆಲಸದ ಎಲ್ಲೆ

ಮದ್ದು, ಗುಂಡು ಎಂಬ ಎರಡು ಮಾತುಗಳನ್ನು ಕನ್ನಡಿಗರು ಬಹುಕಾಲದಿಂದ ಜೋಡಿಸಿಯೇ ಆಡುತ್ತ ಬಂದಿದ್ದಾರೆ. ಮದ್ದೆಂಬುದು ಔಷಧಕ್ಕೂ ಸಲ್ಲುವ ಹೆಸರು. ಗುಂಡೆಂಬುದು ಒರಳಿನಲ್ಲಿ ಅರೆಯುವ ಕಲ್ಲಿಗೂ ಜಾತ್ರೆಯಲ್ಲಿ ಹುಡುಗರು ಎತ್ತುವ ಕಲ್ಲಿಗೂ ಸಲ್ಲುವ ಹೆಸರು. ಕೋವಿಯು ಹೊರಗಿನಿಂದ ಬಂದ ಆಯುಧವಾದರೂ ಅದರ ಆಹಾರಕ್ಕೆ ಮನೆಯ ಮಾತುಗಳೇ ಸಾಕಾದುವು. ಇದು ಕೇವಲ ಭಾಷೆಯ ಚಮತ್ಕಾರವಲ್ಲವೆಂದು ನಮ್ಮ ಅಭಿಪ್ರಾಯ. ಆ ಆಹಾರವನ್ನು ಬಹುಮಟ್ಟಿಗೆ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಇಂದು ಅಮೆರಿಕವೇ ಮೊದಲಾದ ಕೆಲವು ದೇಶಗಳಲ್ಲಿ ಗುರಿಯ ಕ್ರೀಡೆಯಲ್ಲಿ ಆಸಕ್ತರಾದವರು ಸೀಸವನ್ನು ತಾವೇ ಕರಗಿಸಿ, ಅಚ್ಚಿಗೆ ಎರೆದು, ತಮ್ಮ ಪಿಸ್ತೂಲಿನ ಕಾಡತೂಸುಗಳನ್ನು ಕೈಯಿಂದಲೇ ತುಂಬಿಕೊಳ್ಳುವ ರೂಢಿಯುಂಟು. ಹಳೆಯ ಕೈಗೆಲಸದ ಉಳಿಕೆಯಂತೆ ತೋರುವ ಈ ರೂಢಿಯಲ್ಲಿ ಕೈಯಿಂದಾಗುವ ಅಂಶವೆಷ್ಟು, ಕಾರ್ಖಾನೆಯಿಲ್ಲದೆ ಆಗದ ಅಂಶವೆಷ್ಟು ಎಂಬುದನ್ನು ಬಿಡಿಸಿ ನೋಡಿದರೆ, ನಮ್ಮ ಕಲಬುರಗಿ ಸೀಮೆಯ ಇತಿಹಾಸದಲ್ಲಿ ನಡೆದುಹೋದ ಒಂದು ದೊಡ್ಡ ಬದಲಾವಣೆಯ ಅರ್ಥವೂ ತಿಳಿಯುವುದು. ಆ ಉದ್ದೇಶದಿಂದ ಈ ವಿವೇಚನೆಯನ್ನು ಕೈಗೊಂಡಿದ್ದೇವೆ.

ಮೊದಲನೆಯದಾಗಿ, ಗುಂಡಿಗೆ ಸೀಸವೇ ಏಕೆ? ಇದಕ್ಕೆ ಎರಡು ಕಾರಣಗಳು ಮುಖ್ಯವಾದುವು. ಕಬ್ಬಿಣದ ಸಾಂದ್ರತೆ 7.87 ಆದರೆ ಸೀಸದ್ದು 11.34. ಒಂದೇ ಗಾತ್ರದ ಎರಡು ಗುಂಡುಗಳಲ್ಲಿ ಸೀಸದ್ದು ಹೆಚ್ಚು ಭಾರವಾಗಿರುವುದರಿಂದ ಗಾಳಿಯ ತಡೆಗೆ ಅಷ್ಟು ಬೇಗನೆ ಸೋಲುವುದಿಲ್ಲ. ಎರಡನೆಯ ಕಾರಣ ಇದಕ್ಕಿಂತಲೂ ದೊಡ್ಡದು. ಕಬ್ಬಿಣವು ಕರಗಬೇಕಾದರೆ 1,538 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು; ಸೀಸಕ್ಕೆ 327 ಡಿಗ್ರಿ ಸಾಕು. ಅಂದರೆ ತಿದಿಯಾಗಲಿ ಕುಲುಮೆಯಾಗಲಿ ಇಲ್ಲದೆ, ಅಡಿಗೆಯ ಒಲೆಯ ಇದ್ದಿಲ ಕೆಂಡದ ಮೇಲೆ ಒಂದು ಕಬ್ಬಿಣದ ಸೌಟಿನಲ್ಲಿ ಅದು ನೀರಾಗುತ್ತದೆ. ಇಕ್ಕುಳದಂತೆ ಬಾಯಿ ತೆರೆಯುವ, ಕಲ್ಲಿನ ಇಲ್ಲವೆ ಲೋಹದ ಎರಡು ಹೋಳಿನ ಒಂದು ಅಚ್ಚಿದ್ದರೆ ಗುಂಡು ಸಿದ್ಧ. ಯುದ್ಧದ ಸಾಮಗ್ರಿಗಳಲ್ಲಿ ಇಷ್ಟು ಸುಲಭವಾಗಿ ಮನೆಯ ಒಲೆಗೆ ಒಗ್ಗಿದ ವಸ್ತು ಇನ್ನೊಂದಿಲ್ಲ.

ಕೋವಿಯ ಅಳತೆಯನ್ನೇ ಸೀಸದಿಂದ ಹೇಳುವ ಪದ್ಧತಿಯು ಹುಟ್ಟಿದ್ದು ಈ ಸಂಬಂಧದಿಂದ. ‘ಹನ್ನೆರಡು ಬೋರಿನ ಕೋವಿ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹನ್ನೆರಡೆಂಬುದು ಅಂಗುಲವೂ ಅಲ್ಲ, ಗೆರೆಯೂ ಅಲ್ಲ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರೆದರೆ ಅದರಲ್ಲಿ ಒಂದು ಯಾವ ನಳಿಗೆಗೆ ಸರಿಯಾಗಿ ಕೂರುವುದೋ ಅದು ಹನ್ನೆರಡು ಬೋರಿನದು. ಲೆಕ್ಕ ಹಾಕಿದರೆ ಅದರ ವ್ಯಾಸ ಸುಮಾರು 18.5 ಮಿಲಿಮೀಟರು. ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದಾಗುವ ಈ ವಿಚಿತ್ರ ಮಾನದಲ್ಲಿ, ತಕ್ಕಡಿಯೊಂದೇ ಅಳತೆಗೋಲಾಗಿದ್ದ ಕಾಲದ ನೆನಪು ಉಳಿದಿದೆ.

ಸುಲಭವಾಗಿ ಕರಗುವ ಸೀಸವು ಸುಲಭವಾಗಿ ದೊರೆಯುತ್ತಿತ್ತೆಂದು ಮಾತ್ರ ತಿಳಿಯಬಾರದು. ಆಳಂದ ತಾಲ್ಲೂಕಿನ ನಿಂಬರ್ಗಾದ ಹೊಲಗಳಲ್ಲಿ ನಿಂತು ನೋಡಿದರೆ ಕಾಣುವುದು ಎರೆಮಣ್ಣು, ಅದರ ಕೆಳಗೆ ದಖನ್ನಿನ ಕಪ್ಪು ಬಸಾಲ್ಟು ಶಿಲೆ. ಈ ಶಿಲೆಯಲ್ಲಿ ಸೀಸದ ಅದಿರಿಲ್ಲ. ಆದರೂ ಇದೇ ಜಿಲ್ಲೆಯ ಭೀಮಾತೀರದ ಸನ್ನತಿಯಲ್ಲಿ ಶಾತವಾಹನರ ಸೀಸದ ನಾಣ್ಯಗಳು ದೊರೆತಿವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಸೀಸದ ನಾಣ್ಯಗಳು ದೊರೆತಿವೆ. ಕೋವಿ ಬರುವುದಕ್ಕೆ ಹದಿಮೂರು ಹದಿನಾಲ್ಕು ಶತಮಾನಗಳ ಮೊದಲೇ ಈ ಲೋಹವು ದೂರದಿಂದ ವ್ಯಾಪಾರಮಾರ್ಗವಾಗಿ ಇಲ್ಲಿಗೆ ಬರುತ್ತಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಮುಂದೆ ಯುರೋಪಿನ ಕಂಪನಿಗಳ ಹಡಗುಗಳು ಪಶ್ಚಿಮದ ಬಂದರುಗಳಿಗೆ ತಂದ ಸರಕಿನಲ್ಲಿ ಸೀಸದ ಗಟ್ಟಿಗಳೂ ಇದ್ದುವು. ಒಮ್ಮೆ ಒಳನಾಡಿಗೆ ಸೇರಿದ ಸೀಸ ಮತ್ತೆ ಹೊರಗೆ ಹೋಗುವುದು ಅಪರೂಪ. ಬಲೆಯ ಭಾರವಾಗಿ, ತೂಕದ ಕಲ್ಲಾಗಿ, ಗುಂಡಾಗಿ ಅದು ರೂಪಾಂತರ ಹೊಂದುತ್ತ ಇಲ್ಲಿಯೇ ಸುತ್ತುತ್ತದೆ. ಹಾರಿಸಿದ ಗುಂಡನ್ನು ಆಯ್ದು ತಂದು ಪುನಃ ಎರೆಯಬಹುದೆಂಬುದೇ ಸೀಸದ ವಿಶೇಷ.

ನಿಂಬರ್ಗಾದಿಂದ ದಕ್ಷಿಣಕ್ಕೆ ನಡೆದು ಭೀಮೆಯನ್ನು ದಾಟಿ ಜೇವರ್ಗಿಯನ್ನು ಹಾದುಹೋದರೆ ಎರೆಭೂಮಿ ಮುಗಿದು ಕಲ್ಲುಗುಡ್ಡಗಳ ಸುರಪುರ ಸೀಮೆ ತೊಡಗುತ್ತದೆ. ಎರಕದ ಗುಂಡಿನ ಬಲವು ಇತಿಹಾಸದಲ್ಲಿ ಕಣ್ಣಿಗೆ ಬೀಳುವುದು ಇಲ್ಲಿ. 1705ರಲ್ಲಿ ಔರಂಗಜೇಬನು ತನ್ನ ಜೀವಮಾನದ ಕೊನೆಯ ಮುತ್ತಿಗೆಯನ್ನು ಹಾಕಿದ್ದು ಬೇಡರ ನಾಯಕನಾದ ಪೀತಾಂಬರ ಪಿಡ್ಡನಾಯಕನ ವಾಗಿನಗೇರಿ ಕೋಟೆಗೆ. ಫೆಬ್ರವರಿಯಲ್ಲಿ ತೊಡಗಿದ ಮುತ್ತಿಗೆ ಏಪ್ರಿಲ್ ಕೊನೆಯವರೆಗೂ ಎಳೆಯಿತು. ಕೋಟೆ ಬಿದ್ದಾಗ ನಾಯಕನು ಅದರೊಳಗಿರಲಿಲ್ಲ. ಬೇಡರ ಬಂದೂಕುಗಾರರ ಗುರಿಯು ದಖನ್ನಿನಲ್ಲೆಲ್ಲ ಹೆಸರಾಗಿದ್ದಿತು. ಈ ಗುರಿಗೆ ಕಣ್ಣು ಕೈಗಳ ಅಭ್ಯಾಸ ಕಾರಣವೆಂಬುದು ನಿಜ. ಆದರೆ ಗುಂಡಿನ ಪಾಲೂ ಇತ್ತೆಂಬುದನ್ನು ಮರೆಯಬಾರದು.

ಹೇಗೆಂದರೆ, ಮುಂದೆ ಕಂಪನಿಯ ಸಿಪಾಯಿಗಳು ಹಿಡಿದ ಬಂದೂಕಿನ ನಳಿಗೆಯು ಮುಕ್ಕಾಲು ಅಂಗುಲವಾದರೆ ಅದಕ್ಕೆ ಹಾಕುತ್ತಿದ್ದ ಗುಂಡು ಸುಮಾರು 0.69 ಅಂಗುಲದ್ದು. ನಡುವೆ ಒಂದೂವರೆ ಮಿಲಿಮೀಟರು ಸಡಿಲ. ಸುಟ್ಟ ಮದ್ದಿನ ಮಸಿ ನಳಿಗೆಯಲ್ಲಿ ಕಟ್ಟಿಕೊಂಡರೂ ಬೇಗಬೇಗನೆ ತುಂಬಲು ಸಾಧ್ಯವಾಗಬೇಕೆಂಬುದೇ ಈ ಸಡಿಲಿನ ಉದ್ದೇಶ. ಸಾಲಾಗಿ ನಿಂತು ಒಮ್ಮೆಗೇ ಹಾರಿಸುವ ಸೈನ್ಯಕ್ಕೆ ಅದು ಸಾಕು. ಆದರೆ ನಳಿಗೆಯ ಗೋಡೆಗಳಿಗೆ ತಗುಲುತ್ತ ಬರುವ ಗುಂಡು ಯಾವ ಕಡೆಗೆ ಹೊರಡುವುದೆಂದು ಹೇಳಬರುವಂತಿಲ್ಲ. ಊರಿನ ಕಮ್ಮಾರನು ಮಾಡಿದ ಬತ್ತಿಯ ಕೋವಿಗಳಾದರೋ ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಆದುದರಿಂದ ಒಬ್ಬೊಬ್ಬನ ಕೋವಿಗೂ ಅದರದೇ ಅಚ್ಚು ಬೇಕಾಗುತ್ತಿತ್ತು. ಬಂಡೆಯ ಮರೆಯಲ್ಲಿ ಕುಳಿತು, ತನ್ನ ನಳಿಗೆಗೆಂದೇ ಎರೆದ ಬಿಗಿಯಾದ ಗುಂಡನ್ನು ನಿಧಾನವಾಗಿ ಇಳಿಸಿ ಹೊಡೆಯುವವನಿಗೆ ಈ ಅಸಮಾನತೆಯೇ ಅನುಕೂಲವಾಯಿತು. ಏಕರೂಪತೆಯ ಅಭಾವವನ್ನು ಹಿಂದುಳಿದಿರುವಿಕೆಯ ಲಕ್ಷಣವೆಂದಷ್ಟೇ ಎಣಿಸುವ ಇತಿಹಾಸಕಾರರು ಈ ಅಂಶವನ್ನು ಗಮನಿಸುವುದು ಒಳ್ಳೆಯದು.

ಇಂಥ ಬಂದೂಕುಗಾರನ ಸ್ವಾವಲಂಬನೆಯು ಬಹುಮಟ್ಟಿಗೆ ಪೂರ್ಣವಾಗಿತ್ತು. ಹಳೆಯ ಗೋಡೆ ಕೊಟ್ಟಿಗೆಗಳ ಮಣ್ಣಿನಿಂದ ಪೆಟ್ಲುಪ್ಪು ತೆಗೆಯುವವರು ಇದ್ದರು, ಇದ್ದಿಲಿಗೆ ಕಾಡಿತ್ತು, ಗಂಧಕವನ್ನು ಪೇಟೆಯಿಂದ ಕೊಳ್ಳಬೇಕಾಗಿತ್ತು. ಬೆಂಕಿಗೆ ಹೊಸೆದ ಬತ್ತಿ, ಗುಂಡಿಗೆ ಸೀಸ. ಇವುಗಳನ್ನು ಕೂಡಿಸಲು ಯಾವ ಸರಕಾರದ ಅಪ್ಪಣೆಯೂ ಯಾವ ಕಾರ್ಖಾನೆಯ ನೆರವೂ ಬೇಕಾಗಿರಲಿಲ್ಲ.

ಈ ಸಂಗತಿಯನ್ನು ಬ್ರಿಟಿಷರು ಚೆನ್ನಾಗಿ ಅರಿತಿದ್ದರು. 1857ರ 28ನೆಯ ಕಾಯಿದೆಯು ಆಯುಧಗಳೊಂದಿಗೆ ಮದ್ದುಗುಂಡುಗಳ ತಯಾರಿಕೆ ಮಾರಾಟಗಳನ್ನೂ ಹಿಡಿತಕ್ಕೆ ತಂದಿತು. ಆ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತುದೂ, ಅವರ ಊರನ್ನು ಸುಟ್ಟು ಹಲವರನ್ನು ಗಲ್ಲಿಗೇರಿಸಿದುದೂ ಲಾವಣಿಯ ಮೂಲಕ ನಾಡಿಗೆಲ್ಲ ತಿಳಿದಿದೆ. ಹೆಚ್ಚು ಜನಕ್ಕೆ ತಿಳಿಯದಿರುವುದು 1878ರ ಆಯುಧ ಕಾಯಿದೆಯ ಒಂದು ವ್ಯಾಖ್ಯೆ. ಯುದ್ಧಸಾಮಗ್ರಿ ಎಂಬ ಮಾತಿನೊಳಗೆ, ಸರಕಾರವು ಪ್ರಕಟಣೆಯಿಂದ ಗೊತ್ತುಪಡಿಸಿದಲ್ಲಿ, ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಸೇರಿಸಬಹುದೆಂದು ಅದು ವಿಧಿಸಿತು. ಕೋವಿಯನ್ನು ಕಸಿದುಕೊಂಡರಷ್ಟೇ ಸಾಲದು, ಒಲೆಯ ಮೇಲಿನ ಸೌಟಿನತ್ತಲೂ ಕಣ್ಣಿಡಬೇಕೆಂದು ಕಾಯಿದೆ ಬರೆದವರಿಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ನಿಜಾಮರ ಆಳಿಕೆಯಲ್ಲಿದ್ದ ಆಳಂದ, ಅಫಜಲಪುರ, ಜೇವರ್ಗಿಗಳು ಬ್ರಿಟಿಷ್ ಇಂಡಿಯದೊಳಗಿನವಲ್ಲವಾದುದರಿಂದ ಈ ಕಾಯಿದೆಯು ನೇರವಾಗಿ ಇಲ್ಲಿಗೆ ಸಲ್ಲುತ್ತಿರಲಿಲ್ಲವೆಂಬುದನ್ನೂ ಹೇಳಬೇಕು.

ಆದರೆ ಒಲೆಯ ಬಲವನ್ನು ಮುರಿದದ್ದು ಕಾಯಿದೆಗಿಂತ ಹೆಚ್ಚಾಗಿ ಒಂದು ಚಿಕ್ಕ ತಾಮ್ರದ ಬಟ್ಟಲು. ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕನು 1858ರ ಫೆಬ್ರವರಿಯ ಕಾಳಗದ ತರುವಾಯ ಸೆರೆಸಿಕ್ಕಿ, ಅದೇ ವರ್ಷ ಕಾವಲಿನಲ್ಲಿರುವಾಗಲೇ ಗುಂಡಿನಿಂದ ಮಡಿದನು. ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ತಾನೇ ಹೊಡೆದುಕೊಂಡನೆಂದು, ಹಿಂದೆ ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರನು ಆತ್ಮಕಥೆಯಲ್ಲಿ ಬರೆದಿದ್ದಾನೆ. ಇದನ್ನು ಒಪ್ಪದವರೂ ಇದ್ದಾರೆ. ಆ ವಾದದೊಳಗೆ ನಾವಿಲ್ಲಿ ಹೋಗುವುದಿಲ್ಲ. ಗಮನಿಸಬೇಕಾದುದೇನೆಂದರೆ, ಬತ್ತಿಯ ಕೋವಿಗಳ ಸಂಸ್ಥಾನದ ಕೊನೆಯ ಅರಸನ ಮರಣಕ್ಕೆ ನಿಮಿತ್ತವಾದ ಆಯುಧವು ಬೇರೊಂದು ಯುಗಕ್ಕೆ ಸೇರಿದುದು. ಆ ಕಾಲದ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಗುಂಡು ಎರಕದ ಸೀಸದ್ದೇ, ಮದ್ದು ಹಳೆಯ ಕರಿಮದ್ದೇ. ಕಿಡಿ ಮಾತ್ರ ಕೇಪಿನದು. ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಪೇಟೆಂಟು ಪಡೆದ, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದ ತತ್ತ್ವವು ಮುಂದಿನ ಎರಡು ದಶಕಗಳಲ್ಲಿ ಕೇಪಿನ ರೂಪ ತಾಳಿತ್ತು. ಕೇಪನ್ನು ಒಲೆಯ ಮೇಲೆ ಮಾಡಲು ಬರುವುದಿಲ್ಲ. ಅದು ಮುಗಿದುಹೋದರೆ ಸೀಸವೆಷ್ಟಿದ್ದರೂ ಕೋವಿ ಮೂಕ.

ಅನಂತರದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗುಂಡು, ಮದ್ದು, ಕೇಪು ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಕೂಡಿಸಿದ ಕಾಡತೂಸು ಬಂದಿತು. 1860ರ ದಶಕದಲ್ಲಿ ಇಂಗ್ಲೆಂಡಿನ ಬಾಕ್ಸರನೂ ಅಮೆರಿಕದ ಬರ್ಡನನೂ ಕೋಶದ ತಳದಲ್ಲಿ ಕೇಪು ಕೂರಿಸುವ ಎರಡು ಬಗೆಗಳನ್ನು ಕಂಡುಹಿಡಿದರು. ಬಾಕ್ಸರನದು ತಳಕ್ಕೆ ನಡುವೆ ಒಂದೇ ರಂಧ್ರವುಳ್ಳದ್ದು; ಹಾರಿದ ಕೇಪನ್ನು ಒಂದು ಕಡ್ಡಿಯಿಂದ ಒಳಗಿನಿಂದ ನೂಕಿ ತೆಗೆಯಬಹುದು. ಬರ್ಡನನದಕ್ಕೆ ಎರಡು ಚಿಕ್ಕ ರಂಧ್ರಗಳು. ಅದನ್ನು ಹಾಗೆ ತೆಗೆಯುವುದು ಕಷ್ಟ. ಇಂಗ್ಲಿಷನ ಬಗೆಯು ಅಮೆರಿಕದಲ್ಲಿಯೂ ಅಮೆರಿಕದವನ ಬಗೆಯು ಯುರೋಪಿನಲ್ಲಿಯೂ ನೆಲೆಸಿದುದು ವಿನೋದದ ಸಂಗತಿ. ಅಮೆರಿಕದಲ್ಲಿ ಕೈತುಂಬಿಕೆ ಹಬ್ಬಲು ಈ ಆಕಸ್ಮಿಕವೂ ಒಂದು ಕಾರಣ. ನಮ್ಮ ಕಡೆಗೆ ಸಮೀಪದಲ್ಲಿ, ಪುಣೆಯ ಖಡಕಿಯಲ್ಲಿ, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾಯಿತು. 1884ರಲ್ಲಿ ಫ್ರಾನ್ಸಿನ ವಿಯೆಲ್ ಎಂಬ ವಿಜ್ಞಾನಿಯು ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಮದ್ದೂ ಮನೆಯ ಕೈಬಿಟ್ಟಿತು.

ಹೀಗೆ ಕಾಡತೂಸಿನ ನಾಲ್ಕು ಅಂಗಗಳಲ್ಲಿ ಕೇಪು, ಮದ್ದು, ಹಿತ್ತಾಳೆಯ ಕೋಶ ಮೂರೂ ಕಾರ್ಖಾನೆಗೆ ಸೇರಿ, ಗುಂಡೊಂದು ಕೈಯಲ್ಲಿ ಉಳಿಯಿತು. ಇಂದಿನ ಕೈತುಂಬಿಕೆಯವನು ಕೋಶವನ್ನು ಮತ್ತೆ ಮತ್ತೆ ಬಳಸಬಲ್ಲನೇ ಹೊರತು ಮಾಡಬಲ್ಲವನಲ್ಲ. ಗುಂಡನ್ನಾದರೂ ಅವನು ಎಲ್ಲ ಕೋವಿಗಳಿಗೂ ಎರೆಯಲಾರ. .303 ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 740 ಮೀಟರು ಓಡುತ್ತದೆ; ಆ ವೇಗದಲ್ಲಿ ಬರಿಯ ಸೀಸವು ನಳಿಗೆಯ ತಿರುಚುಗೆರೆಗಳನ್ನು ಹಿಡಿಯಲಾರದೆ ಉಜ್ಜಿಹೋಗುವುದರಿಂದ ತಾಮ್ರಮಿಶ್ರ ಲೋಹದ ಹೊದಿಕೆ ಬೇಕು. .38 ಸ್ಪೆಷಲ್ ಎಂಬ ಪಿಸ್ತೂಲ್ ಕಾಡತೂಸಿನ ಹತ್ತು ಗ್ರಾಮಿನ ಗುಂಡಾದರೋ ಸುಮಾರು 230 ಮೀಟರು ವೇಗದ್ದು. ಒಳಗಿನ ಒತ್ತಡವೂ ರೈಫಲಿನದರ ಮೂರನೆಯ ಒಂದು ಪಾಲು. ಎರಕದ ಸೀಸವು ಪಿಸ್ತೂಲಿನಲ್ಲಿ ಇಂದಿಗೂ ಬಾಳಿಕೊಂಡಿರುವುದಕ್ಕೆ ಈ ಸೌಮ್ಯತೆಯೇ ಕಾರಣ. ಅಂತರರಾಷ್ಟ್ರೀಯ ಸ್ಪರ್ಧೆಗಳ 25 ಮೀಟರಿನ ಪಿಸ್ತೂಲು ವಿಭಾಗದಲ್ಲಿ ಗುಂಡು ಸೀಸದ್ದೋ ಅಂತಹುದೇ ಮೆತ್ತನೆಯ ವಸ್ತುವಿನದೋ ಆಗಿರಬೇಕೆಂಬ ನಿಯಮವಿದೆ.

ಗುಂಡು ಎರೆಯುವ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸುವುದು ಗಡಸುತನದ ಪ್ರಶ್ನೆ. ಶುದ್ಧ ಸೀಸದ ಗಡಸು ಬ್ರಿನೆಲ್ ಮಾನದಲ್ಲಿ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಕೂಡಿಸಿದರೆ ಅದು 10ರ ಸಮೀಪಕ್ಕೆ ಬರುತ್ತದೆ. ಆಂಟಿಮೊನಿಯನ್ನೂ ಕೂಡಿಸಿದರೆ ಇನ್ನೂ ಏರುತ್ತದೆ. ತವರದ ಮುಖ್ಯ ಪ್ರಯೋಜನ ಗಡಸಿಗಿಂತ ಹೆಚ್ಚಾಗಿ ಹರಿವಿನಲ್ಲಿದೆ: ಅದು ಬೆರೆತ ದ್ರವವು ಅಚ್ಚಿನ ಮೂಲೆಮೂಲೆಗೂ ಇಳಿಯುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಅತಿಯಾಗಿ ಕಾದಿದ್ದರೆ ಇಬ್ಬನಿ ಬಿದ್ದಂತೆ ಮಸುಕಾಗುತ್ತದೆ. ನೋಡಿಯೇ ಹದವನ್ನು ತಿಳಿಯಬಹುದು.

ಹೆಚ್ಚು ಗಡಸಾದಷ್ಟೂ ಒಳ್ಳೆಯದೆಂದು ಹೊಸಬರು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಮದ್ದು ಉರಿದಾಗ ಹುಟ್ಟುವ ಒತ್ತಡಕ್ಕೆ ಗುಂಡಿನ ಬುಡವು ತುಸು ಅಗಲವಾಗಿ ನಳಿಗೆಯನ್ನು ಮುಚ್ಚಬೇಕು. ಪಿಸ್ತೂಲಿನ ಅಲ್ಪ ಒತ್ತಡಕ್ಕೆ ಗಡಸು ಗುಂಡು ಮಣಿಯದು. ಆಗ ಕಾದ ಅನಿಲವು ಪಕ್ಕದಿಂದ ನುಸುಳುತ್ತ ಗುಂಡಿನ ಮೈಯನ್ನು ಕರಗಿಸಿ ನಳಿಗೆಗೆ ಸೀಸವನ್ನು ಬಳಿಯುತ್ತದೆ. ಹೀಗೆ ಮೆತ್ತನೆಯ ಗುಂಡಿನ ದೋಷವೆಂದು ತೋರುವುದು ಅನೇಕ ವೇಳೆ ಗಡಸಾದ, ಇಲ್ಲವೆ ಕಿರಿದಾದ ಗುಂಡಿನ ದೋಷವಾಗಿರುತ್ತದೆ. ಆದಕಾರಣ ಗುಂಡನ್ನು ನಳಿಗೆಯ ಗೆರೆಗಳ ಆಳದ ವ್ಯಾಸಕ್ಕಿಂತ ಅಂಗುಲದ ಸಾವಿರದ ಒಂದಂಶದಷ್ಟು ದಪ್ಪವಾಗಿಯೇ ಇಡುತ್ತಾರೆ. ಮೈಯ ಗೀರುಗಳಲ್ಲಿ ಜೇನುಮೇಣ ಬೆರೆತ ಜಿಡ್ಡನ್ನು ತುಂಬುತ್ತಾರೆ. ತನ್ನ ನಳಿಗೆಗೆ ತನ್ನದೇ ಅಚ್ಚೆಂಬ ಬೇಡರ ಬಂದೂಕುಗಾರನ ನಿಯಮವೇ ಇಲ್ಲಿ ಸೂಕ್ಷ್ಮಮಾಪಕದ ಭಾಷೆಯಲ್ಲಿ ಮರಳಿ ಬಂದಿದೆ.

ಕನ್ನಡದಲ್ಲಿ ಗುಂಡಿನ ಅಚ್ಚಿಗೂ ಮುದ್ರಣದ ಅಚ್ಚಿಗೂ ಒಂದೇ ಪದವಿರುವುದನ್ನು ಇಲ್ಲಿ ನೆನೆಯಬಹುದು. ಪದ ಮಾತ್ರವಲ್ಲ, ಲೋಹವೂ ಒಂದೇ. ನಮ್ಮ ಅಚ್ಚುಕೂಟಗಳಲ್ಲಿ ಮೊಳೆಗಳನ್ನು ಎರೆಯುತ್ತಿದ್ದುದು ಸೀಸ, ತವರ, ಆಂಟಿಮೊನಿಗಳ ಮಿಶ್ರಣದಿಂದ. ಸಾಲುಮೊಳೆಯ ಯಂತ್ರಗಳಲ್ಲಿ ನೂರಕ್ಕೆ 84 ಸೀಸ, 12 ಆಂಟಿಮೊನಿ, 4 ತವರವೆಂಬ ಪಾಕವು ಪ್ರಸಿದ್ಧವಾಗಿತ್ತು. ಅದರ ಗಡಸು 22ರ ಸುಮಾರಿನದು. ಮೊಳೆಯ ಮುದ್ರಣ ಅಳಿದ ಮೇಲೆ ಆ ಲೋಹವು ವಿದೇಶದ ಗುಂಡೆರೆಯುವವರಿಗೆ ಅಮೂಲ್ಯವಾಯಿತು.

ಈ ಕೆಲಸದ ಅಪಾಯಗಳನ್ನು ಹೇಳದೆ ಬಿಡುವುದು ಸರಿಯಲ್ಲ. ಹೊಗೆಯಿಲ್ಲದ ಮದ್ದು ಹಳೆಯ ಕರಿಮದ್ದಿನಂತೆ ಕೈಯಳತೆಗೆ ಒಗ್ಗುವುದಲ್ಲ. ಪಿಸ್ತೂಲಿನ ಕೋಶದಲ್ಲಿ ಅದು ಅರ್ಧವನ್ನೂ ತುಂಬದಿರುವುದುಂಟು, ಆದಕಾರಣ ಎರಡು ಸಲ ಹಾಕಿದರೂ ಕಣ್ಣಿಗೆ ತಿಳಿಯದೆ ಹೋಗಿ ಆಯುಧವೇ ಒಡೆಯಬಹುದು. ಮದ್ದು ಬೀಳದೆ ಹೋದರೆ ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಮುಂದಿನ ಗುಂಡು ಅದಕ್ಕೆ ಬಡಿಯುತ್ತದೆ. ಸೀಸದ ವಿಷವು ಇದಕ್ಕಿಂತ ಮೌನವಾದುದು. ಎರೆಯುವ ಶಾಖದಲ್ಲಿ ಅದರ ಆವಿ ಅಲ್ಪವೇ ಆದರೂ, ಮೇಲೆ ಕಟ್ಟುವ ಆಕ್ಸೈಡಿನ ಕೆನೆಯು ಪುಡಿಯಾಗಿ ಕೈಗೂ ಬಟ್ಟೆಗೂ ಹತ್ತಿ ಅನ್ನದ ಮೂಲಕ ಒಳಸೇರುತ್ತದೆ. ಎಲುಬಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ. ನಿರಪಾಯವಾದ ಪ್ರಮಾಣವೆಂಬುದು ಸೀಸಕ್ಕೆ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಅಡಿಗೆಯ ಒಲೆಯಲ್ಲಿ ಗುಂಡೆರೆದ ಹಿಂದಿನ ಮನೆಗಳು ಇದರ ಬೆಲೆಯನ್ನು ಅರಿಯದೆಯೇ ತೆತ್ತಿರಬೇಕು. ಇಂದು ನಮ್ಮ ಹಳ್ಳಿಪೇಟೆಗಳಲ್ಲಿ ಸೀಸದ ಭೀತಿಯಿರುವುದು ಗುಂಡಿನಿಂದಲ್ಲ, ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸುವುದರಿಂದ. 2001ರಿಂದ ಬ್ಯಾಟರಿಗಳಿಗೆಂದೇ ನಿಯಮಗಳಿವೆ, 2022ರಲ್ಲಿ ಹೊಸವು ಬಂದಿವೆ. ಬಯಲಿನ ಒಲೆಗಳು ಮಾತ್ರ ಪೂರ್ತಿ ಆರಿಲ್ಲ.

ಕಾಯಿದೆಯ ಮಾತನ್ನೂ ಇಲ್ಲಿಯೇ ಮುಗಿಸಬಹುದು. ಭಾರತದ 1959ರ ಆಯುಧ ಕಾಯಿದೆಯಲ್ಲಿ ಮದ್ದುಗುಂಡೆಂಬ ಮಾತು ಅದರ ಬಿಡಿ ಅಂಗಗಳನ್ನೂ ತಯಾರಿಕೆಯ ಯಂತ್ರಗಳನ್ನೂ ಒಳಗೊಂಡಿದೆ. ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 19ನೆಯ ಶತಮಾನದಿಂದ ನಡೆದುಬಂದ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆಯಾದರೂ, ಅದು ಕೋವಿಯನ್ನು ಪಡೆದಿರುವುದಕ್ಕೂ ಒಯ್ಯುವುದಕ್ಕೂ ಸಂಬಂಧಿಸಿದುದೇ ಹೊರತು ತಯಾರಿಕೆಗೆ ಸಂಬಂಧಿಸಿದುದಲ್ಲ. ಆದುದರಿಂದ ಎರಕದ ಗುಂಡು ನಮ್ಮ ಓದುಗರಿಗೆ ಅಭ್ಯಾಸದ ವಿಷಯವೇ ಹೊರತು ಪ್ರಯೋಗದ ವಿಷಯವಲ್ಲ.

ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ನೆಲದಲ್ಲಿಯೇ ಬಿದ್ದಿದೆ. ಹಳೆಯ ಕೋಟೆಗಳ ಸುತ್ತಣ ಹೊಲಗಳನ್ನು ಉಳುವಾಗ ಬಿಳಿಯ ಹೊರಪದರ ಕಟ್ಟಿದ, ಕೈಗೆ ಅಸಹಜವಾಗಿ ಭಾರವೆನಿಸುವ ಚಿಕ್ಕ ಉಂಡೆಗಳು ಮೇಲೆ ಬರಬಹುದು. ಗುಜರಿಯವನಿಗೆ ಅದು ಸೀಸ. ಇತಿಹಾಸಕ್ಕೆ ಅದು ದಾಖಲೆ. ಬೇಡರ ಪಡೆ ನಿಂತ ಬಂಡೆ ಯಾವುದು, ಶತ್ರು ಏರಿದ ಇಳಿಜಾರು ಯಾವುದೆಂಬುದನ್ನು ಪರ್ಷಿಯನ್ ಬಖೈರುಗಳು ಹೇಳದಿದ್ದರೂ ಗುಂಡುಗಳು ಬಿದ್ದ ತಾಣಗಳು ಹೇಳಬಲ್ಲುವು. ಕಾಲೇಜುಗಳ ಅಧ್ಯಾಪಕರು ತಮ್ಮ ಊರಿನ ರೈತರಲ್ಲಿ ವಿಚಾರಿಸಿ, ಇಂಥವು ದೊರೆತ ಹೊಲದ ಸರ್ವೆ ಸಂಖ್ಯೆಯನ್ನೂ ದಿಕ್ಕನ್ನೂ ಬರೆದಿಟ್ಟುಕೊಂಡರೆ ಬಹಳ ಉಪಕಾರವಾಗುವುದು. ಸಂರಕ್ಷಿತ ಸ್ಮಾರಕಗಳ ಎಲ್ಲೆಯೊಳಗೆ ಅಗೆಯುವುದು ಕಾಯಿದೆಗೆ ವಿರುದ್ಧವೆಂಬುದು ನೆನಪಿರಲಿ. ಹೊರಪದರವನ್ನು ಕೆರೆಯಬಾರದು, ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆಯೂ, ಎರೆದ ಬಾಯಿಯನ್ನು ಕತ್ತರಿಸಿದ ಗುರುತೂ ಅದರ ಕೆಳಗೆ ಉಳಿದಿರುವುದು ಸಾಧ್ಯ. ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಅಳತೆಗೆ ವಿಭಾಗದ ಪ್ರಯೋಗಶಾಲೆಯ ತಕ್ಕಡಿ ಸಾಕು. ಕಲ್ಲಿಗೆ ಬಡಿದು ಚಪ್ಪಟೆಯಾದ ಗುಂಡಿನ ವ್ಯಾಸವನ್ನು ಅಳೆಯಲು ಬರುವುದಿಲ್ಲವಷ್ಟೆ. ಆದರೆ ಚೂರು ಹಾರಿಹೋಗದಿದ್ದ ಪಕ್ಷದಲ್ಲಿ ಅದರ ತೂಕ ಬದಲಾಗಿರುವುದಿಲ್ಲ. ಗ್ರಾಮಿನಲ್ಲಿ ತೂಗಿದ ಸಂಖ್ಯೆಯನ್ನು 168.4ರಿಂದ ಗುಣಿಸಿ ಘನಮೂಲ ತೆಗೆದರೆ ಎರೆದಾಗಿನ ವ್ಯಾಸವು ಮಿಲಿಮೀಟರಿನಲ್ಲಿ ದೊರೆಯುತ್ತದೆ. 32.4 ಗ್ರಾಮ್ ತೂಗಿದರೆ 17.6 ಮಿಲಿಮೀಟರು: ಅದು ಕಂಪನಿಯ ಸಿಪಾಯಿಯ ಬಂದೂಕಿನ ಗುಂಡಿನ ಅಳತೆ. 10 ಗ್ರಾಮ್ ತೂಗಿದರೆ 11.9 ಮಿಲಿಮೀಟರು, ಆ ಗಾತ್ರದ ಹತ್ತು ಗುಂಡುಗಳು ಒಂದೇ ಕಡೆ ದೊರೆತು, ಒಂದರ ತೂಕ ಇನ್ನೊಂದಕ್ಕೆ ಹೊಂದದೆ ಹೋದರೆ, ಅವು ಹತ್ತು ಬೇರೆ ಬೇರೆ ಅಚ್ಚುಗಳಿಂದ ಬಂದಿರುವ ಸಂಭವವುಂಟು.